ಫ್ರಿಜ್ ‘ಗ್ಯಾಸ್ ಖಾಲಿ’ ಅಂದ ಕೂಡಲೇ ದುಡ್ಡು ಕೊಡಬೇಡಿ

ಫ್ರಿಜ್ ತಂಪಾಗುತ್ತಿಲ್ಲ ಅಂತ ಮೆಕ್ಯಾನಿಕ್ ಕರೆಸುವ ಮುಂಚೆ ದಯವಿಟ್ಟು ಇದನ್ನು ಓದಿ. ನಮ್ಮ ಅತ್ತೆ ಮನೆಯಲ್ಲಿ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಏಳು ವರ್ಷದ ಸಿಂಗಲ್ ಡೋರ್ ಫ್ರಿಜ್. ಒಳಗೆ ಲೈಟ್ ಉರಿಯುತ್ತಿತ್ತು, ತಂಪು ಮಾತ್ರ ಇಲ್ಲ. ಹಿಂದುಗಡೆ ಆಗಾಗ ‘ಟಿಕ್’ ಅಂತ ಸದ್ದಾಗಿ ನಿಂತುಹೋಗುತ್ತಿತ್ತು. ಮಾವ ಮೊಬೈಲಿನಲ್ಲಿ ಕಸ್ಟಮರ್ ಕೇರ್ ಅಂತ ಹುಡುಕಿ, ಮೊದಲು ಸಿಕ್ಕ ನಂಬರಿಗೆ ಫೋನ್ ಮಾಡಿದರು. ಅದು ಕಂಪನಿಯ ನಂಬರೇ ಅಲ್ಲ ಅಂತ ಗೊತ್ತಾಗಿದ್ದು ಆಮೇಲೆ. ಬಂದವನು ಹಿಂಬದಿ ಮುಟ್ಟಿ ನೋಡಿ ‘ಗ್ಯಾಸ್ ಖಾಲಿ ಸರ್’ ಅಂದ. ಪೈಪ್ ಕತ್ತರಿಸಿ, ಗ್ಯಾಸ್ ತುಂಬಿ, 3,500 ರೂಪಾಯಿ ಇಸ್ಕೊಂಡು ಹೋದ. ಬಿಲ್ ಇಲ್ಲ.

ತಿಂಗಳು ತುಂಬುವುದರೊಳಗೆ ಮತ್ತೆ ಅದೇ ಕಥೆ. ಈ ಸಲ ‘ಕಂಪ್ರೆಸರ್ ಹೋಗಿದೆ, ರಿಪೇರಿ ಮಾಡಿಸೋದು ದಂಡ. ಹೊಸದು ತಗೊಳ್ಳಿ, ಹಳೇದನ್ನು ಸಾವಿರಕ್ಕೆ ನಾನೇ ಒಯ್ತೀನಿ’ ಅಂದ. ಅನುಮಾನ ಬಂದು, ಪೇಟೆಯಲ್ಲಿ ಅಂಗಡಿ ಇಟ್ಟಿರುವ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆವು. ಅವರು ಲೀಕ್ ಎಲ್ಲಿದೆ ಅಂತ ನೋಡಲು ಪೈಪಿಗೆ ನೈಟ್ರೋಜನ್ ಬಿಟ್ಟು ಸೋಪಿನ ನೊರೆ ಹಚ್ಚಿದರು. ಹೊಸದಾಗಿ ಬೆಸುಗೆ ಹಾಕಿದ ಜಾಯಿಂಟಿನಲ್ಲೇ ಗುಳ್ಳೆ ಎದ್ದವು. ಕಂಪ್ರೆಸರ್ ಪಕ್ಕದ ಮುಚ್ಚಳ ತೆಗೆದರೆ, ಹಳೇ ಕಂಪ್ರೆಸರಿಗೆ ಹೊಚ್ಚ ಹೊಸ ರಿಲೇ (ಕಂಪ್ರೆಸರನ್ನು ಸ್ಟಾರ್ಟ್ ಮಾಡುವ ಸಣ್ಣ ಭಾಗ)! ಮೊದಲು ಕೆಟ್ಟಿದ್ದು ಅದೊಂದೇ. ಕೆಲವು ನೂರು ರೂಪಾಯಿಯ ಸಾಮಾನು. ಅದನ್ನು ಸದ್ದಿಲ್ಲದೆ ಬದಲಿಸಿ, ಸರಿಯಾಗಿದ್ದ ಪೈಪಿಗೆ ಕತ್ತರಿ ಹಾಕಿದ್ದ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಫ್ರಿಜ್ ಗ್ಯಾಸ್ ಅಡುಗೆ ಸಿಲಿಂಡರಿನ ಹಾಗೆ ಉರಿದು ಮುಗಿಯುವುದಲ್ಲ. ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆ ಆಗಿದೆ ಅಂದರೆ ಎಲ್ಲೋ ಲೀಕ್ ಇರಲೇಬೇಕು ಅಲ್ವಾ? ಅದನ್ನು ತೋರಿಸು ಅಂತ ಕೇಳಿ. ಕಂಪ್ರೆಸರ್ ಓಡದೇ ಇರುವಾಗ, ಸುಮ್ನೆ ಮುಟ್ಟಿ ನೋಡಿ ಗ್ಯಾಸಿನ ವಿಷಯ ಹೇಳಲು ಬರುವುದಿಲ್ಲ. ಈಗಿನ ಎಷ್ಟೋ ಫ್ರಿಜ್‌ಗಳಲ್ಲಿ ಇರುವುದು ಆರ್600ಎ, ಬೇಗ ಬೆಂಕಿ ಹಿಡಿಯುವ ಗ್ಯಾಸ್. ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಫ್ರಿಜ್ ಮೇಲಿನ ಸ್ಟಿಕ್ಕರಿನಲ್ಲೇ ಬರೆದಿರುತ್ತದೆ. ತೂಕ ಮಾಡದೆ ತುಂಬುವವನನ್ನು ಹತ್ತಿರ ಸೇರಿಸಬೇಡಿ.

ಕಂಪ್ರೆಸರ್ ಹೋಗಿದೆ ಅಂದರೂ ಮೊದಲು ವಾರಂಟಿ ಕಾರ್ಡ್ ನೋಡಿ. ಅದೊಂದಕ್ಕೇ 10 ವರ್ಷ ವಾರಂಟಿ ಕೊಡುವ ಕಂಪನಿಗಳಿವೆ. ಲೀಕ್ ಫ್ರಿಜ್ಜಿನ ಗೋಡೆಯ ಫೋಮಿನ ಒಳಗೆ ಇದ್ದರೆ ಹೊಸದು ತಗೊಳ್ಳುವುದೇ ವಾಸಿ, ಅದು ನಿಜ. ಅತ್ತೆಯ ಫ್ರಿಜ್‌ಗೆ ಆ ಗತಿ ಬಂದಿರಲಿಲ್ಲ. ಜಾಯಿಂಟ್ ಸರಿಮಾಡಿ, ಫಿಲ್ಟರ್ ಬದಲಿಸಿ, ಗ್ಯಾಸ್ ತೂಗಿ ತುಂಬಿದ ಮೇಲೆ ಚೆನ್ನಾಗಿ ಓಡುತ್ತಿದೆ.

ಕಂಪನಿಯ ನಂಬರನ್ನು ಕಾರ್ಡಿನಿಂದಲೇ ತಗೊಳ್ಳಿ. ಬಿಲ್ ಕೇಳಿ ಇಸ್ಕೊಳ್ಳಿ. ಈಗಾಗಲೇ ಮೋಸ ಹೋಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ.