ವೀಟ್ ಜೊತೆ ಮೂರು ಮಳೆಗಾಲ: ಸೇವ್ ಮಾಡಿದರೂ ಬದಲಾಗದ ಪುಟ

ಮಡಿಕೇರಿಯಲ್ಲಿ ಕೂತು ಹೋಂಸ್ಟೇಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಮೂರು ಮಳೆಗಾಲದಿಂದ ವೀಟ್ ಬಳಸುತ್ತಿದ್ದೇನೆ. ಬರೆಯುತ್ತಿರುವ ವೆಬ್ ಪುಟವನ್ನು ನಮ್ಮದೇ ಕಂಪ್ಯೂಟರ್‌ನಲ್ಲಿ ಓಡಿಸಿ, ಕೋಡ್ ಬದಲಿಸಿದ ಕೂಡಲೇ ಬ್ರೌಸರ್‌ನಲ್ಲಿ ತೋರಿಸುವ ಟೂಲ್ ಇದು; 2020ರಲ್ಲಿ ಇವಾನ್ ಯೂ ಎಂಬ ಪ್ರೋಗ್ರಾಮರ್ ಶುರು ಮಾಡಿದ್ದು. ಫ್ರೆಂಚ್‌ನಲ್ಲಿ ವೀಟ್ ಅಂದರೆ ಬೇಗ. ಮೊದಲ ಎರಡು ವಾರ ನನಗೆ ಆ ಬೇಗ ಸಿಗಲೇ ಇಲ್ಲ. ಅದನ್ನೇ ಹೇಳಬೇಕು.

ಬೆಳಿಗ್ಗೆ ಬೆಲ್ಲದ ಕಪ್ಪು ಕಾಫಿ ಕಿಟಕಿ ಕಟ್ಟೆ ಮೇಲೆ ಇಡುತ್ತೇನೆ. ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ‘ಎನ್‌ಪಿಎಂ ರನ್ ಡೆವ್’ ಎಂದು ಹೊಡೆದರೆ ವೀಟ್‌ನ ಸರ್ವರ್ ಶುರು, ಬ್ರೌಸರ್‌ನಲ್ಲಿ ಅದರ ವಿಳಾಸ ಲೋಕಲ್‌ಹೋಸ್ಟ್ 5173. ಎಡಕ್ಕೆ ಕೋಡ್, ಬಲಕ್ಕೆ ಪುಟ. ಬಟನ್ ಬಣ್ಣ ಬದಲಿಸಿ ಸೇವ್ ಮಾಡಿದರೆ ಬಲಗಡೆ ಅದು ಆಗಲೇ ಕಾಣಬೇಕು, ಅಲ್ವಾ? ನನಗೆ ಕಾಣಲಿಲ್ಲ. ಎಫ್5 ಒತ್ತಿದರೂ ಹಳೇ ಬಣ್ಣವೇ. ಫೈಲ್ ಬದಲಾದ ಸುದ್ದಿ ಬರುವ ತನಕ ವೀಟ್ ತನ್ನ ನೆನಪಿನಲ್ಲಿರುವ ಹಳೇ ಕೋಡನ್ನೇ ಕೊಡುತ್ತದೆ. ಪ್ರತಿ ಸಲವೂ ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಬೇಕಿತ್ತು. ಕಾಫಿ ಆರಿ ತಣ್ಣಗಾಗುತ್ತಿತ್ತು.

ಬ್ರೌಸರ್ ಒಳಗಿನ ಸಂದೇಶಗಳು ಕಾಣುವ ಕನ್ಸೋಲ್ ನೋಡಿದೆ. ‘ಕನೆಕ್ಟೆಡ್’ ಎಂದೇ ಇತ್ತು. ಅಂದರೆ ಸರ್ವರ್‌ಗೂ ಬ್ರೌಸರ್‌ಗೂ ನಡುವಿನ ವೆಬ್‌ಸಾಕೆಟ್ ಸಂಪರ್ಕ ಚೆನ್ನಾಗಿದೆ. ಆದರೆ ಸೇವ್ ಮಾಡಿದಾಗ ಟರ್ಮಿನಲ್‌ನಲ್ಲಿ ಬರಬೇಕಾದ ‘ಎಚ್‌ಎಂಆರ್ ಅಪ್‌ಡೇಟ್’ (ಬದಲಾದ ಭಾಗವನ್ನಷ್ಟೇ ಪುಟಕ್ಕೆ ಕಳಿಸಿದೆ ಎನ್ನುವ) ಸಾಲು ಬರುತ್ತಿರಲಿಲ್ಲ. ತೊಂದರೆ ಫೈಲ್‌ಗೂ ಸರ್ವರ್‌ಗೂ ನಡುವೆ. ಇಷ್ಟನ್ನು ಮೊದಲೇ ನೋಡಿದ್ದರೆ ವಾರ ಉಳಿಯುತ್ತಿತ್ತು. ನಾನು ಬ್ರೌಸರ್ ಕ್ಯಾಶ್ (ಅದು ಉಳಿಸಿಕೊಂಡ ಹಳೇ ಪ್ರತಿ) ಅಳಿಸುತ್ತಾ ಕೂತಿದ್ದೆ.

ನಾನು ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್2ನಲ್ಲಿ ಉಬುಂಟು ಎಂಬ ಲಿನಕ್ಸ್ ಹಾಕಿಕೊಂಡಿದ್ದೇನೆ. ವೀಟ್ ಓಡುವುದು ಉಬುಂಟುವಿನಲ್ಲಿ. ಪ್ರಾಜೆಕ್ಟ್ ಇದ್ದದ್ದು ವಿಂಡೋಸ್‌ನ ಡಿ ಡ್ರೈವ್‌ನಲ್ಲಿ. ವಿಂಡೋಸ್ ಎಡಿಟರ್ ಅಲ್ಲಿ ಫೈಲ್ ಬದಲಿಸಿದರೆ ಆ ಸುದ್ದಿ ಲಿನಕ್ಸ್ ಕಡೆಗೆ ದಾಟುವುದಿಲ್ಲ. ವೀಟ್ ಕಾಯುತ್ತಲೇ ಇರುತ್ತದೆ.

ವೀಟ್‌ನ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲ್‌ನ ವಾಚ್ ಭಾಗದಲ್ಲಿ ‘ಯೂಸ್‌ಪೋಲಿಂಗ್’ ಅನ್ನು ‘ಟ್ರೂ’ ಮಾಡಿದೆ. ಈಗ ವೀಟ್ ಸುದ್ದಿಗೆ ಕಾಯದೆ ಒಂದೊಂದೇ ಫೈಲನ್ನು ತಾನೇ ಮತ್ತೆ ಮತ್ತೆ ನೋಡಿಕೊಂಡು ಬರುತ್ತದೆ. ಪುಟ ಬದಲಾಯಿತು! ಜೊತೆಗೆ ಫ್ಯಾನ್ ಕೂಡ ಜೋರಾಗಿ ತಿರುಗತೊಡಗಿತು. ಸಿಪಿಯು ಜಾಸ್ತಿ ತಿನ್ನುವ ಉಪಾಯ ಇದು. ಜುಲೈ ತಿಂಗಳು, ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ನನ್ನದು 8 ಜಿಬಿಯ ಹಳೇ ಲ್ಯಾಪ್‌ಟಾಪ್, ಹೊಸದು ಕೊಳ್ಳುವ ದುಡ್ಡು ಇರಲಿಲ್ಲ. ಬ್ಯಾಟರಿ ಕಣ್ಣೆದುರೇ ಇಳಿಯುತ್ತಿತ್ತು.

ಅಷ್ಟಾದರೂ ಪುಟದ ತಲೆಭಾಗದ ಹೆಡರ್ ಒಂದು ಮಾತ್ರ ಹಟ ಹಿಡಿದಿತ್ತು. ಏನು ಬರೆದರೂ ತಾನಾಗಿ ಬದಲಾಗದು.

ಕೊನೆಗೆ ಒಂದು ರಾತ್ರಿ ಪ್ರಾಜೆಕ್ಟನ್ನೇ ಎತ್ತಿ ಉಬುಂಟುವಿನ ಹೋಮ್ ಫೋಲ್ಡರ್‌ಗೆ ಹಾಕಿದೆ. ಪೋಲಿಂಗ್ ತೆಗೆದೆ. ಎಡಿಟರನ್ನೂ ಡಬ್ಲ್ಯುಎಸ್‌ಎಲ್ ಮೂಲಕವೇ ತೆರೆದೆ. ಸರ್ವರ್ ಶುರು ಮಾಡಿದ ಕೂಡಲೇ ಕೆಂಪು ಎರರ್: ಹೆಡರ್ ಫೈಲ್ ಸಿಗುತ್ತಿಲ್ಲ. ಫೈಲ್ ಹೆಸರಿನ ಮೊದಲ ಅಕ್ಷರ ಸ್ಮಾಲ್ ಎಚ್, ನಾನು ಕೋಡ್‌ನಲ್ಲಿ ಅದನ್ನು ಕರೆದದ್ದು (ಇಂಪೋರ್ಟ್) ಕ್ಯಾಪಿಟಲ್ ಎಚ್‌ನಿಂದ. ಡಿ ಡ್ರೈವ್ ಎರಡನ್ನೂ ಒಂದೇ ಎಂದುಕೊಂಡು ಫೈಲ್ ಕೊಟ್ಟುಬಿಡುತ್ತಿತ್ತು. ಉಬುಂಟುಗೂ ವೀಟ್‌ಗೂ ಮಾತ್ರ ಅವು ಬೇರೆ ಬೇರೆ, ಹೆಡರ್‌ನ ಹಟಕ್ಕೆ ಕಾರಣ ಅದೇ. ಒಂದು ಅಕ್ಷರ ತಿದ್ದಿದೆ. ಫ್ಯಾನ್ ಸುಮ್ಮನಾಯಿತು. ಹೊರಗೆ ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಕೇಳಿಸಿತು.

ಅಲ್ಲಿಂದ ಈಚೆಗೆ ವೀಟ್ ಮೇಲೆ ನನಗೆ ನಿಜವಾದ ಪ್ರೀತಿ. ಕಳೆದ ಆಗಸ್ಟ್‌ನಲ್ಲಿ ಭಾಗಮಂಡಲದ ಹತ್ತಿರ ಒಂದು ಹೋಂಸ್ಟೇಗೆ ಹೋಗಿದ್ದೆ. ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಎಲ್ಲ ನನ್ನ ಲ್ಯಾಪ್‌ಟಾಪ್ ಒಳಗೇ ಓಡುವುದರಿಂದ ಕೆಲಸ ನಿಲ್ಲಲಿಲ್ಲ. ಹೋಂಸ್ಟೇಯ ಅಜ್ಜಿ ಪಕ್ಕದಲ್ಲಿ ಕೂತು ಬುಕಿಂಗ್ ಫಾರ್ಮ್ ತುಂಬಿದರು: ನಾಲ್ಕು ಜನ, ಎರಡು ರಾತ್ರಿ. ಆಮೇಲೆ, “ಆ ಅಕ್ಷರ ಇನ್ನೊಂಚೂರು ದಪ್ಪ ಮಾಡಪ್ಪಾ, ನನಗೆ ಕಾಣೋದಿಲ್ಲ” ಅಂದರು. ದಪ್ಪ ಮಾಡಿದೆ. ಅವರು ತುಂಬಿದ್ದು ಹಾಗೇ ಇತ್ತು, ಅಕ್ಷರ ಮಾತ್ರ ದಪ್ಪವಾಯಿತು. “ಹಾಂ, ಈಗ ಓದಬಹುದು” ಎಂದು ಮುಂದಿನ ಖಾನೆಗೆ ಬೆರಳಿಟ್ಟರು.

ಈ ಸುಖ ಎಲ್ಲ ಕಡೆ ಸಿಗುವುದಿಲ್ಲ. ರಿಯಾಕ್ಟ್ ಲೈಬ್ರರಿಯ ಕಾಂಪೊನೆಂಟ್ (ಪುಟದ ಒಂದು ಭಾಗ) ಇರುವ ಫೈಲ್‌ನಿಂದಲೇ ರೂಮ್ ದರಗಳ ಪಟ್ಟಿಯನ್ನೂ ಬೇರೆ ಫೈಲ್‌ಗಳಿಗೆ ಎಕ್ಸ್‌ಪೋರ್ಟ್ ಮಾಡಿದ್ದೆ. ಆಗ ಸೇವ್ ಮಾಡಿದಾಗಲೆಲ್ಲ ತುಂಬಿದ ಫಾರ್ಮ್ ಖಾಲಿಯಾಗುತ್ತಿತ್ತು. ಪಟ್ಟಿಯನ್ನು ಬೇರೆ ಫೈಲ್‌ಗೆ ಹಾಕಿದ ಮೇಲೆ ಸರಿಯಾಯಿತು.

ನನ್ನ ಥರ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು ವಿಂಡೋಸ್ ಒಳಗೆ ಲಿನಕ್ಸ್ ಬಳಸುವವರು ಧೈರ್ಯವಾಗಿ ವೀಟ್ ಹಾಕಿಕೊಳ್ಳಿ. ಪ್ರಾಜೆಕ್ಟ್ ಮಾತ್ರ ಮೊದಲ ದಿನದಿಂದಲೇ ಲಿನಕ್ಸ್ ಕಡೆ ಇರಲಿ. ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಆ ಎರಡು ವಾರಕ್ಕೆ. ಸುದ್ದಿ ಬರುತ್ತಿಲ್ಲ ಅಂತ ಟರ್ಮಿನಲ್‌ನಲ್ಲಿ ಒಂದೇ ಒಂದು ಸಾಲು ತೋರಿಸಿದ್ದರೆ ಸಾಕಿತ್ತು.