ಈಸಿ-ಆರ್‌ಎಸ್‌ಎ 3: ಒಳ್ಳೆಯ ಸಾಧನ, ಆದರೆ ಆ 180 ದಿನ ನೆನಪಿರಲಿ

ಹೊರಗಿನಿಂದ ಕಚೇರಿಯ ಜಾಲಕ್ಕೆ ಸುರಕ್ಷಿತ ಸಂಪರ್ಕ ಕೊಡುವ ಓಪನ್‌ವಿಪಿಎನ್‌ಗೆ ಸರ್ಟಿಫಿಕೇಟ್ (ಸರ್ವರ್, ಬಳಕೆದಾರರ ಡಿಜಿಟಲ್ ಗುರುತಿನ ಚೀಟಿ) ಮಾಡಿಕೊಡುವ ಈಸಿ-ಆರ್‌ಎಸ್‌ಎ ಒಂದು ಶೆಲ್ ಸ್ಕ್ರಿಪ್ಟ್, ಅಷ್ಟೇ. ಗೂಢಲಿಪೀಕರಣದ ಸಾಧನವಾದ ಓಪನ್‌ಎಸ್‌ಎಸ್‌ಎಲ್‌ನ ಉದ್ದುದ್ದ ಕಮಾಂಡುಗಳನ್ನು ತಾನೇ ನೋಡಿಕೊಳ್ಳುತ್ತದೆ. ಸಣ್ಣ ಕಚೇರಿಗೆ ಇದಕ್ಕಿಂತ ದೊಡ್ಡದು ಬೇಕಿಲ್ಲ.

ಉಬುಂಟುವಿನಲ್ಲಿ ಪ್ಯಾಕೇಜ್ ಹಾಕಿ 'ಮೇಕ್-ಸಿಎಡಿರ್' ಕೊಟ್ಟರೆ ಕೆಲಸದ ಫೋಲ್ಡರ್ ಸಿದ್ಧ. ಸಿಎ (ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವ ಪ್ರಾಧಿಕಾರ) ಕಟ್ಟುವ ಮೊದಲೇ ಸೆಟ್ಟಿಂಗ್‌ಗಳಿರುವ 'ವಾರ್ಸ್' ಫೈಲ್ ತಿದ್ದಿ. ಸಹಿ ಬಿದ್ದ ಸರ್ಟಿಫಿಕೇಟನ್ನು ಆಮೇಲೆ ತಿದ್ದಲಾಗದು. ಸುಮ್ಮನೆ ಬಿಟ್ಟರೆ 2048 ಬಿಟ್‌ನ ಆರ್‌ಎಸ್‌ಎ ಕೀ, ಸಿಎ ಸರ್ಟಿಫಿಕೇಟ್‌ಗೆ 3650 ದಿನ, ಉಳಿದವಕ್ಕೆ 825 ದಿನ ಆಯಸ್ಸು. ಹೊಸದಾಗಿ ಶುರು ಮಾಡುವವರು ಅಲ್ಗಾರಿದಮ್ಮನ್ನು 'ಇಸಿ'ಗೆ (ಎಲಿಪ್ಟಿಕ್ ಕರ್ವ್) ಬದಲಿಸಿಕೊಳ್ಳುವುದೇ ಮೇಲು. ಆಗ ಕೀ ವಿನಿಮಯಕ್ಕೆ ಬೇಕಾದ ಡಿಎಚ್ (ಡಿಫಿ-ಹೆಲ್‌ಮನ್) ಫೈಲ್ ತಯಾರಿಸಲು ಕಾಯಬೇಕಿಲ್ಲ, ಸರ್ವರ್ ಕಾನ್ಫಿಗ್‌ನಲ್ಲಿ 'ಡಿಎಚ್ ನನ್' ಸಾಕು.

ಕೀ, ಸರ್ಟಿಫಿಕೇಟ್‌ಗಳನ್ನು ಇಡುವ ಪಿಕೆಐ ಫೋಲ್ಡರ್ ಸಿದ್ಧಪಡಿಸುವ 'ಇನಿಟ್-ಪಿಕೆಐ' ಒಮ್ಮೆ ಮಾತ್ರ. ಎರಡನೇ ಸಲ ಕೊಟ್ಟು, ಕೇಳಿದ್ದಕ್ಕೆಲ್ಲ 'ಯೆಸ್' ಒತ್ತಿದರೆ ಹಳೆಯ ಸಿಎ ಕೀ ಹೋಯಿತೆಂದೇ ಲೆಕ್ಕ. ಪಾಸ್‌ವರ್ಡ್ ಇಲ್ಲದ ಕೀ ಮಾಡುವ 'ನೋಪಾಸ್' ಸರ್ವರ್ ಕೀಗೆ ಸರಿ, ಇಲ್ಲದಿದ್ದರೆ ರೀಬೂಟ್ ಆದಾಗಲೆಲ್ಲ ಪಾಸ್‌ವರ್ಡ್ ಕೇಳುತ್ತದೆ. ಸಿಎ ಕೀಗೆ ಖಂಡಿತ ಬೇಡ. ಸಿಎ ವಿಪಿಎನ್ ಸರ್ವರ್‌ನಲ್ಲೂ ಇರಬಾರದು, ಬೇರೆ ಯಂತ್ರದಲ್ಲಿರಲಿ.

ಹೆಚ್ಚಿನವರು ಎಡವುವುದು ಸಿಆರ್‌ಎಲ್‌ನಲ್ಲಿ, ಅಂದರೆ ರದ್ದಾದ ಸರ್ಟಿಫಿಕೇಟ್‌ಗಳ ಪಟ್ಟಿಯಲ್ಲಿ. ಕೆಲಸ ಬಿಟ್ಟವರ ಸರ್ಟಿಫಿಕೇಟನ್ನು 'ರಿವೋಕ್' ಮಾಡಿದ ಮಾತ್ರಕ್ಕೆ ಅವರ ಸಂಪರ್ಕ ನಿಲ್ಲುವುದಿಲ್ಲ. 'ಜೆನ್-ಸಿಆರ್‌ಎಲ್' ಕೊಟ್ಟು, ಬಂದ ಫೈಲನ್ನು ಸರ್ವರ್‌ಗೆ ಹಾಕಿ, ಕಾನ್ಫಿಗ್‌ನಲ್ಲಿ 'ಸಿಆರ್‌ಎಲ್-ವೆರಿಫೈ' ಸಾಲಿನಲ್ಲಿ ಅದರ ದಾರಿ ಬರೆಯಬೇಕು. ಈ ಪಟ್ಟಿಗೂ ಆಯಸ್ಸಿದೆ: 180 ದಿನ. ಅದು ಮುಗಿದರೆ ರದ್ದಾದವರು ಮಾತ್ರವಲ್ಲ, ಎಲ್ಲರೂ ಹೊರಗೆ. ಸರ್ಟಿಫಿಕೇಟ್‌ಗಳೆಲ್ಲ ಸರಿಯಾಗಿಯೇ ಕಾಣುವುದರಿಂದ ಹುಡುಕಾಟ ದಾರಿ ತಪ್ಪುತ್ತದೆ. ಮೊದಲು ಸರ್ವರ್ ಲಾಗ್ ನೋಡಿ, 'ಸಿಆರ್‌ಎಲ್ ಹ್ಯಾಸ್ ಎಕ್ಸ್‌ಪೈರ್ಡ್' ಎಂದೇ ಬರೆದಿರುತ್ತದೆ. ಹೊಸ ಪಟ್ಟಿ ಮಾಡಿ ಹಳೆಯದರ ಜಾಗಕ್ಕೆ ಹಾಕಿದರೆ ಸಾಕು, ಓಪನ್‌ವಿಪಿಎನ್ ರೀಸ್ಟಾರ್ಟ್ ಬೇಕಿಲ್ಲ. 'ವಾರ್ಸ್'ನಲ್ಲಿ ದಿನ ಹೆಚ್ಚಿಸಿದರೂ ಈಗಿರುವ ಪಟ್ಟಿಯ ಆಯಸ್ಸು ಹೆಚ್ಚುವುದಿಲ್ಲ, ಮತ್ತೆ 'ಜೆನ್-ಸಿಆರ್‌ಎಲ್' ಕೊಡಲೇಬೇಕು.

ಇನ್ನೊಂದು ಕಾಟ ಅನುಮತಿಯದು. ಓಪನ್‌ವಿಪಿಎನ್ ಶುರುವಾದ ಮೇಲೆ 'ನೋಬಡಿ' ಬಳಕೆದಾರನಾಗಿ ಓಡುವಂತೆ ಇಟ್ಟಿದ್ದರೆ, 700 ಅನುಮತಿಯ (ಒಡೆಯನಿಗೆ ಮಾತ್ರ ತೆರೆದ) ಪಿಕೆಐ ಫೋಲ್ಡರ್ ಒಳಗಿನ ಪಟ್ಟಿಯನ್ನು ಅದು ಓದಲಾರದು. ಸಿಆರ್‌ಎಲ್‌ನಲ್ಲಿ ಗುಟ್ಟೇನೂ ಇಲ್ಲ, ಹೊರಗಿನ ಫೋಲ್ಡರ್‌ಗೆ ನಕಲು ಮಾಡಿ 644 (ಎಲ್ಲರೂ ಓದಬಹುದಾದ ಅನುಮತಿ) ಕೊಡಿ.

ಸಹಿ ಹಾಕುವಾಗ 'ಸರ್ವರ್' ಎನ್ನುವಲ್ಲಿ 'ಕ್ಲೈಂಟ್' ಎಂದು ಬರೆದರೆ ಈಸಿ-ಆರ್‌ಎಸ್‌ಎ ತಕರಾರು ಮಾಡದೆ ಸಹಿ ಹಾಕುತ್ತದೆ. ಎದುರಿನದು ಸರ್ವರ್ ಸರ್ಟಿಫಿಕೇಟೇ ಎಂದು ಪರೀಕ್ಷಿಸುವ 'ರಿಮೋಟ್-ಸರ್ಟ್-ಟಿಎಲ್‌ಎಸ್ ಸರ್ವರ್' ಸಾಲು ಇರುವ ಕ್ಲೈಂಟ್‌ಗಳು ಮಾತ್ರ ಅದನ್ನು ಒಪ್ಪುವುದಿಲ್ಲ. ಆ ಸಾಲನ್ನು ತೆಗೆದು ದಾರಿ ಮಾಡಿಕೊಳ್ಳಬೇಡಿ, ಸರ್ವರ್ ಸರ್ಟಿಫಿಕೇಟನ್ನೇ ಹೊಸದಾಗಿ ಮಾಡಿ.