ಎರಡು 5 ಎಚ್‌ಪಿ ಮೋಟಾರು, ಎರಡು ಪ್ಲೇಟು

ನಮ್ಮ ಹಿಟ್ಟಿನ ಗಿರಣಿಯಲ್ಲಿ ಎರಡು ಮೋಟಾರು ಓಡಿಸಿ ನೋಡಿದ್ದೇನೆ. ಒಂದು ಹಳೆಯದು, ಒಂದು ಹೊಸದು; ಎರಡೂ 5 ಎಚ್‌ಪಿ, ತ್ರೀ ಫೇಸ್, 415 ವೋಲ್ಟ್. ಕೊಳ್ಳುವಾಗ ನಾವು ಕೇಳೋದು ಎಚ್‌ಪಿ ಎಷ್ಟು, ರೇಟು ಎಷ್ಟು ಅಂತ ಅಷ್ಟೇ ಅಲ್ವಾ? ಮೋಟಾರಿನ ಮೈಮೇಲೆ ವಿವರ ಬರೆದು ಹಚ್ಚಿರುವ ಪ್ಲೇಟಿನ ಉಳಿದ ಸಾಲುಗಳನ್ನೂ ಓದಬೇಕಿತ್ತು.

5 ಎಚ್‌ಪಿ ಅಂದರೆ 3.7 ಕಿಲೋವ್ಯಾಟ್. ಇದು ಮೋಟಾರು ಎಳೆಯುವ ಕರೆಂಟಿನ ಲೆಕ್ಕವಲ್ಲ, ಶಾಫ್ಟಿನಲ್ಲಿ ನಮಗೆ ಸಿಗುವ ಶಕ್ತಿ. ಹಳೆಯದರ ಪ್ಲೇಟಿನಲ್ಲಿ ಎಫಿಶಿಯೆನ್ಸಿ 82% ಅಂತಿತ್ತು. 3.7 ಕೊಡಲು ಅದು 4.5 ಕಿಲೋವ್ಯಾಟ್ ಎಳೆಯುತ್ತದೆ. ಹೊಸದು ಐಇ3 (ಇದು ಎಫಿಶಿಯೆನ್ಸಿಯ ದರ್ಜೆ), 88.4%. ಅದಕ್ಕೆ 4.2 ಸಾಕು. ದಿನಕ್ಕೆ ಆರು ಗಂಟೆ ಫುಲ್ ಲೋಡಿನಲ್ಲಿ ಓಡಿದರೆ ಹತ್ತಿರ ಹತ್ತಿರ ಎರಡು ಯೂನಿಟ್ ಉಳಿಯಿತು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಆಂಪ್ಸ್ ಸಾಲು, ಅಂದರೆ ಫುಲ್ ಲೋಡಿನಲ್ಲಿ ಮೋಟಾರು ಎಳೆಯುವ ಕರೆಂಟು. ಹಳೆಯದಕ್ಕೆ 7.8, ಹೊಸದಕ್ಕೆ 7.1. ಕರೆಂಟು ಮಿತಿ ಮೀರಿದರೆ ಮೋಟಾರನ್ನು ನಿಲ್ಲಿಸುವ, ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು ಇದೇ ಅಂಕಿಗೆ ಇಡಬೇಕು. ಹಳೆಯ ಮೋಟಾರು ಪದೇ ಪದೇ ಟ್ರಿಪ್ ಆಗುತ್ತದೆ ಅಂತ ರಿಪೇರಿಗೆ ಬಂದವರೊಬ್ಬರು ರಿಲೇಯನ್ನು 10ಕ್ಕೆ ತಿರುಗಿಸಿ ಹೋಗಿದ್ದರು. ಒಂದು ಸಂಜೆ ವೋಲ್ಟೇಜ್ 350ಕ್ಕೆ ಇಳಿಯಿತು. ಪ್ಲೇಟಿನಲ್ಲಿದ್ದ ಮಿತಿ ±10%, ಅಂದರೆ 373ಕ್ಕಿಂತ ಕೆಳಗೆ ಓಡಿಸಲೇಬಾರದು. ಕರೆಂಟು ಅಳೆಯುವ ಟಾಂಗ್ ಟೆಸ್ಟರ್ ಹಾಕಿ ನೋಡಿದರೆ 9 ಆಂಪ್ಸ್ ದಾಟಿತ್ತು. ಆಫ್ ಮಾಡುವಷ್ಟರಲ್ಲಿ ಸುಟ್ಟ ವಾರ್ನಿಶ್ ವಾಸನೆ ಬಂತು. ರಿಲೇ ಮಾತ್ರ ಅಲುಗಲಿಲ್ಲ. ವೈಂಡಿಂಗ್ ಪೂರ್ತಿ ಹೊಸದಾಗಿ ಕಟ್ಟಿಸಬೇಕಾಯಿತು.

ಒಳಗೆ ಧೂಳು, ನೀರು ಹೋಗದಂತೆ ಎಷ್ಟು ರಕ್ಷಣೆಯಿದೆ ಅಂತ ಹೇಳುವುದು ಐಪಿ ಸಾಲು. ಹಳೆಯದು ಐಪಿ44, ಹೊಸದು ಐಪಿ55. ಮೊದಲ ಅಂಕಿ ಧೂಳಿನದು, ಎರಡನೆಯದು ನೀರಿನದು. 4 ಅಂದರೆ ಒಂದು ಮಿಲಿಮೀಟರಿಗಿಂತ ದಪ್ಪದ್ದನ್ನು ಮಾತ್ರ ತಡೆಯುತ್ತದೆ. ರಾಗಿ ಹಿಟ್ಟಿಗೆ ಅದು ಯಾವ ಲೆಕ್ಕ! ಕಟ್ಟಿಸಲು ಬಿಚ್ಚಿದಾಗ ಕಾಯಿಲ್ ಸಂದಿಯಲ್ಲೆಲ್ಲ ಹಿಟ್ಟು ರೊಟ್ಟಿಯಂತೆ ಗಟ್ಟಿಯಾಗಿ ಅಂಟಿತ್ತು. ವೈಂಡಿಂಗಿನ ಇನ್ಸುಲೇಶನ್ ಎಷ್ಟು ಬಿಸಿ ತಡೆಯುತ್ತದೆ ಅನ್ನುವ ಕ್ಲಾಸೂ ಬೇರೆ: ಹಳೆಯ ಬಿ 130 ಡಿಗ್ರಿವರೆಗೆ ತಡೆದರೆ, ಹೊಸ ಎಫ್ 155ರವರೆಗೆ.

ಫ್ರೇಮ್, ಅಂದರೆ ಮೋಟಾರಿನ ಮೈಯಳತೆ, ಎರಡಕ್ಕೂ 112ಎಂ. ಹಾಗಾಗಿ ಬೋಲ್ಟಿನ ತೂತು, 28 ಮಿಲಿಮೀಟರ್ ಶಾಫ್ಟು, ಹಳೆಯ ಪುಲ್ಲಿ ಎಲ್ಲ ಸರಿಯಾಗಿ ಕೂತವು. ಆರ್‌ಪಿಎಂ ಮಾತ್ರ 1420ರಿಂದ 1450ಕ್ಕೆ ಏರಿತು. ಕಲ್ಲು ಒಂಚೂರು ಜೋರಾಗಿ ತಿರುಗುತ್ತದೆ, ಹಿಟ್ಟು ಬಿಸಿಯಾಗದಂತೆ ಕಾಳು ಬಿಡುವುದನ್ನು ನೋಡಿಕೊಂಡರಾಯಿತು.

ಗಿರಣಿಗೆ ಹೊಸದೇ ಸರಿ, ರೇಟು ಜಾಸ್ತಿಯಾದರೂ. ಹಳೆಯದನ್ನು ಮೇವು ಕತ್ತರಿಸುವ ಯಂತ್ರಕ್ಕೆ ಹಾಕಿದ್ದೇನೆ, ದಿನಕ್ಕೆ ಇಪ್ಪತ್ತು ನಿಮಿಷದ ಕೆಲಸ. ಅದರ ರಿಲೇ ಈಗ 7.8ರಲ್ಲಿದೆ.